ಕಣ್ಣು ಪಕ್ಕಕ್ಕೆ ಹೊರಳಿದಾಗ

"ಕೋಣೆ ಸುತ್ತಲೂ ಒಂದ್ಸಲ ತೋರಿಸಿ."

ಲ್ಯಾಪ್‌ಟಾಪ್‌ನಿಂದ ಬಂದ ಗಂಡು ದನಿಗೆ ಅವಳು ನೆಟ್ಟಗೆ ಕೂತಳು. ಶಿಕ್ಷಕರ ತರಬೇತಿಯ ಕೊನೆಯ ಪರೀಕ್ಷೆ. ಮನೆಯಿಂದಲೇ, ಕ್ಯಾಮೆರಾದ ಮುಂದೆ ಬರೆಯಬೇಕು. ಆಚೆ ಒಬ್ಬ ಮೇಲ್ವಿಚಾರಕ ನೋಡುತ್ತಿರುತ್ತಾನೆ. ಜೊತೆಗೆ ಕಣ್ಣು ಎತ್ತ ಹೊರಳಿತೆಂದು ಲೆಕ್ಕವಿಡುವ ಸಾಫ್ಟ್‌ವೇರ್ ಬೇರೆ!

ಲ್ಯಾಪ್‌ಟಾಪನ್ನು ಎತ್ತಿ ಸುತ್ತಲೂ ತಿರುಗಿಸಿದಳು. ಬಟ್ಟೆ ಹರವಿದ ಹಗ್ಗ, ಔಷಧಿ ಶೀಶೆಗಳು, ಮಂಚದ ಮೇಲೆ ಅಪ್ಪ.

"ಅವರು?"

"ನಮ್ಮಪ್ಪ ಸರ್. ಪಾರ್ಶ್ವವಾಯು ಆಗಿದೆ. ಬೇರೆ ರೂಮಿಲ್ಲ... ಚಿಕ್ಕಮ್ಮನಿಗೆ ಇವತ್ತು ರಜೆ ಸಿಗ್ಲಿಲ್ಲ..."

'ಮುಗೀತು. ಬರೆಯೋಕೇ ಬಿಡಲ್ಲ!'

"ಪರವಾಗಿಲ್ಲ. ಗಾಬರಿ ಆಗ್ಬೇಡಿ, ನಿಧಾನಕ್ಕೆ ಬರೀರಿ."

ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ದಣಿದ ಮುಖವೊಂದು ನಕ್ಕಿತು. ಅಷ್ಟಕ್ಕೇ ಧೈರ್ಯ ಬಂದು ಅವಳು ಬರೆಯತೊಡಗಿದಳು...

ಅರ್ಧ ಬರೆದಿರಬೇಕು, ಅಪ್ಪ ಮಿಸುಕಾಡಿದರು. ಅವಳ ಕಣ್ಣು ಅತ್ತ ಹೋಯಿತು. ಪರದೆಯಲ್ಲಿ ಕೆಂಪು ಎಚ್ಚರಿಕೆ! ತಲೆ ತಗ್ಗಿಸಿದಳು. ಅಪ್ಪನ ಕಾಲು ಮಂಚದಿಂದ ಜಾರಿತು. ಮತ್ತೆ ನೋಡಿದಳು. ಮತ್ತೆ ಕೆಂಪು...

ಅಪ್ಪನ ಮೈ ವಾಲುತ್ತಿದ್ದಂತೆ ಹಿಂದುಮುಂದು ನೋಡದೆ ಓಡಿದಳು.

ಅವರನ್ನು ಮಲಗಿಸಿ ಬಂದಾಗ ಪರದೆಯ ಮೇಲೆ ಇದ್ದದ್ದು ಒಂದೇ ಸಾಲು: 'ನಕಲು ಶಂಕೆ. ಪರೀಕ್ಷೆ ರದ್ದು.'

'ಅಪ್ಪನ್ನ ಆ ಮೇಲ್ವಿಚಾರಕ ಕಣ್ಣಾರೆ ನೋಡಿದ್ನಲ್ಲ! ನಗ್ತಾ ನಗ್ತಾನೇ ಕತ್ತು ಕೊಯ್ದನಾ?'

"ನನ್ನಿಂದ... ಹಾಳಾಯ್ತಾ, ಮಗಳೇ?" ಅಪ್ಪ ತೊದಲಿದರು.

"ಇಲ್ಲಪ್ಪಾ, ಕರೆಂಟ್ ಹೋಯ್ತು ಅಷ್ಟೇ," ಎಂದು ಮುಖ ತಿರುಗಿಸಿದಳು.

ವಿಚಾರಣೆಗೆ ಕಾಲೇಜಿಗೆ ಕರೆ ಬಂತು. ತಪ್ಪಿತಸ್ಥಳೆಂದರೆ ಇನ್ನು ಯಾವ ಪರೀಕ್ಷೆಯೂ ಇಲ್ಲ, ಶಾಲೆಯ ಕೆಲಸವೂ ಇಲ್ಲ. ಅವಳು ಉದ್ದನೆಯ ಮೇಜಿನ ಮುಂದೆ ಕೂತಳು.

"ಕಣ್ಣು ಪದೇ ಪದೇ ಪಕ್ಕಕ್ಕೆ ಹೋಗಿದೆ. ಯಾರಮ್ಮಾ ಉತ್ತರ ಹೇಳ್ಕೊಡ್ತಿದ್ದಿದ್ದು?" ಪ್ರಾಂಶುಪಾಲೆ ಕೇಳಿದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅದೇ ದಣಿದ ಮುಖ! 'ನನ್ನ ವಿರುದ್ಧ ಸಾಕ್ಷಿ ಹೇಳೋಕೆ ಬಂದ...' ಅವಳು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಳು.

"ಮೇಡಂ, ಆವತ್ತು ನೋಡ್ತಿದ್ದೋನು ನಾನೇ. ರದ್ದು ಮಾಡಿದ್ದು ಸಾಫ್ಟ್‌ವೇರ್. ತಡೆಯೋಕೆ ನೋಡ್ದೆ, ಆಗ್ಲಿಲ್ಲ. ಅದು ತಪ್ಪು ಅಂತ ಪರೀಕ್ಷೆ ನಡೆಸೋ ನಮ್ಮ ಕಂಪನಿಗೆ ಹೇಳ್ದೆ, ಕಿವಿಗೇ ಹಾಕ್ಕೊಳ್ಳಲಿಲ್ಲ. ದಯವಿಟ್ಟು ವಿಡಿಯೊ ಪೂರ್ತಿ ನೋಡಿ. ಅಪ್ಪ ಬೀಳ್ತಿದ್ರೂ ಬರೀತಾ ಕೂರೋರು ನಿಮಗೆ ಟೀಚರ್ ಆಗಿ ಬೇಕಾ?"

"ಇದನ್ನೆಲ್ಲ ಇಲ್ಲಿ ಹೇಳಿದ್ರೆ ನಿಮ್ಮ ಕೆಲಸ ಉಳಿಯುತ್ತೇನ್ರಿ?"

"ಉಳಿಯಲ್ಲ ಮೇಡಂ. ಅದಕ್ಕೇ ಇಷ್ಟು ದಿನ ಹೆದರಿ ಕೂತಿದ್ದೆ."

ಅವಳ ಕೈ ಕುರ್ಚಿಯ ಅಂಚನ್ನು ಬಿಟ್ಟಿತು.

ಪ್ರಾಂಶುಪಾಲೆ ವಿಡಿಯೊವನ್ನು ಪೂರ್ತಿ ನೋಡಿದರು. ಆಮೇಲೆ, ಕಾಲೇಜಿನಲ್ಲೇ ಮರುಪರೀಕ್ಷೆ ಎಂದರು.

"ನಿಮ್ಮನ್ನ ದಿನಾ ಶಪಿಸಿದೀನಿ," ಹೊರಗೆ ಬಂದು ಅವಳು ಒಪ್ಪಿಕೊಂಡಳು.

"ಅದಕ್ಕೇನಾ ಬಿಕ್ಕಳಿಕೆ ನಿಲ್ತಾನೇ ಇರ್ಲಿಲ್ಲ!"

ಅಳುತ್ತಲೇ ನಕ್ಕುಬಿಟ್ಟಳು.

ಅವನ ಕೆಲಸ ಹೋಯಿತು. ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಸೇರಿಕೊಂಡ. ಮಾತು ಫೋನಿನಲ್ಲಿ ಬೆಳೆಯಿತು. ಅವಳ ಭಯವೂ ಬೆಳೆಯಿತು... ಮನಸ್ಸು ಬಿಚ್ಚಿದರೆ ಇವನೂ ಹೋಗಿಬಿಟ್ಟರೆ?

ಮರುಪರೀಕ್ಷೆಯಲ್ಲಿ ಅವಳು ತೇರ್ಗಡೆಯಾದ ದಿನ ಬಸ್ ನಿಲ್ದಾಣದಲ್ಲಿ ಅವನೇ ಕೇಳಿದ. "ನನ್ನ ಮದುವೆ ಆಗ್ತೀರಾ?"

"ನೀವಂದ್ರೆ ನಂಗೆ ಪ್ರಾಣ. ಆದ್ರೆ ನಾನು ಬಂದ್ರೆ ಅಪ್ಪನೂ ಬರ್ತಾರೆ. ಎತ್ತಿ ಕೂರಿಸ್ಬೇಕು, ಮಗ್ಗುಲು ಬದಲಾಯಿಸ್ಬೇಕು... ಇದನ್ನ ಕೇಳಿದ್ಮೇಲೆ ಯಾರೂ ನಿಂತಿಲ್ಲ."

"ಎತ್ತೋದು ಹೇಗೆ ಅಂತ ಹೇಳ್ಕೊಡಿ. ಟೀಚರ್ ತಾನೇ ನೀವು?"

"ತಪ್ಪು ಮಾಡಿದ್ರೆ ಬಯ್ತೀನಿ."

"ಬಯ್ಯಿರಿ. ಕಲ್ತ್ಕೋತೀನಿ."

"ನಿಜ ಹೇಳಿ... ಭಯ ಆಗ್ತಿಲ್ವಾ?"

"ತುಂಬಾ ಆಗ್ತಿದೆ. ಕೈ ಹಿಡ್ಕೋತೀರಾ?"

ಅವಳು ಹಿಡಿದುಕೊಂಡಳು.