ಹೂಂ ಅನ್ನುವವನು

“ಕೇಳಸ್ತೈತೇನು?”

ಮಾಯಾ ಮೈಕಿಗೆ ಕೇಳಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಗೆಲ್ಲ ಇಳಿಬಿಟ್ಟ ಕೌದಿಗಳು ಆ ಮಾತನ್ನು ನುಂಗಿ ಸುಮ್ಮನಾದವು. ಆಡಿಯೊಬುಕ್ ಆ್ಯಪೊಂದಕ್ಕೆ ಕಾದಂಬರಿ ಓದುವ ಅವಳಿಗೆ ಐನಾಪುರದ ಈ ಒಳಕೋಣೆಯೇ ಸ್ಟುಡಿಯೊ.

ಹೊರಗೆ ಮೋಡ ಕವಿದು ಮಧ್ಯಾಹ್ನವೇ ಮಬ್ಬಾಗಿತ್ತು. ಸಕ್ಕರೆ ಕಾರ್ಖಾನೆಯ ಹೊಗೆ ಊರ ಮೇಲೆ ಇಳಿದು ಕೂತಿತ್ತು. ಮಾಳೇಶ ಅಲ್ಲಿಂದಲೇ ಬರಬೇಕು, ಕಬ್ಬು ಅರೆಯುವ ಗಿರಣಿಯ ಪಾಳಿ ಮುಗಿಸಿ.

ಅವನಿಗೆ ಕೇಳುವ ಚಟ ಹಿಡಿಸಿದವಳು ಮಾಯಾಳ ಅಜ್ಜಿ ಕೆಂಪವ್ವ. ಶ್ರಾವಣದಲ್ಲಿ ಆಕೆ ಪುರಾಣದ ಪದ್ಯ ಹೇಳುವಾಗ ಪಕ್ಕದ ಮನೆಯ ಮಾಳೇಶ ಪದ್ಯಕ್ಕೊಮ್ಮೆ ಹೂಂ ಅನ್ನಬೇಕಿತ್ತು. ಹೂಂ ಬರದಿದ್ದರೆ ಆಕೆ ಪುಸ್ತಕಕ್ಕೆ ಕೈಮುಗಿದು ಅಲ್ಲೇ ಮಡಚಿಡುತ್ತಿದ್ದಳು.

ಈಗ ಅವನು ಮಾಯಾಳೆದುರು ಅಚ್ಚಿನ ಪುಸ್ತಕ ಹಿಡಿದು ಕೂಡುತ್ತಾನೆ. ಅವಳು ಓದಿದಂತೆ ಅವನ ಬೆರಳು ಸಾಲಿನ ಮೇಲೆ ಹರಿಯುತ್ತದೆ. ಪ್ಯಾರಾ ಮುಗಿದರೆ ಹೂಂ ಅನ್ನುತ್ತಾನೆ. ರೆಕಾರ್ಡಿಂಗಿನಿಂದ ಆ ಹೂಂಗಳನ್ನು ಅವಳು ಕತ್ತರಿಸಿ ತೆಗೆಯುತ್ತಾಳೆ. ಅಳಿಸಲು ಮನಸ್ಸು ಬಾರದೆ ಬೇರೊಂದು ಫೈಲಿನಲ್ಲಿ ಇಟ್ಟುಕೊಂಡಿದ್ದಾಳೆ.

“ಪುಸ್ತಕ ಅಂದ್ರ ರೊಟ್ಟಿ, ನಿನ್ನ ದನಿ ಅದಕ್ಕ ಹಚ್ಚಿಕೊಂಡು ತಿನ್ನೋ ಶೇಂಗಾ ಹಿಂಡಿ,” ಅಂದಿದ್ದ ಒಮ್ಮೆ. “ಎರಡೂ ಕೂಡಿದ್ರನ ಹೊಟ್ಟಿ ತುಂಬತೈತಿ.”

ಇತ್ತೀಚೆಗೆ ಅವನ ಮಾತು ಕಡಿಮೆಯಾಗಿತ್ತು. ಆದರೆ ಅವಳು ಮಾತಾಡುವಾಗ ಅವಳ ತುಟಿಯಿಂದ ಕಣ್ಣು ಕೀಳುತ್ತಿರಲಿಲ್ಲ. ನಾಚಿ ಮುಖ ತಿರುಗಿಸಿದರೆ ಅವನೂ ಆ ಕಡೆಗೇ ಬಾಗುತ್ತಿದ್ದ.

“ಏನ್ ನೋಡಾಕತ್ತೀಯೋ ಹಂಗ?”

“ಏನಿಲ್ಲ. ಮಾತಾಡು.”

“ನೋಡ್ಲಿ ಬಿಡ,” ಅಡುಗೆಮನೆಯಿಂದ ಕೆಂಪವ್ವ. “ನೋಡಿದ್ರ ಸವದು ಹೋಗ್ತೈತೇನ ಬೇ?”

ರವಿವಾರ ಮಾಯಾಳನ್ನು ನೋಡಲು ಅಥಣಿಯಿಂದ ಬರುವವರಿದ್ದರು. ಇವತ್ತು ಹೇಳದಿದ್ದರೆ ಇನ್ನು ಹೇಳುವಂತಿಲ್ಲ.

ಮಾಳೇಶ ಬಂದ, ಕೂತ, ಪುಸ್ತಕ ತೆರೆದ. ಅವಳು ಓದತೊಡಗಿದಳು. ಪ್ಯಾರಾದ ಕೊನೆಯ ಸಾಲು ಬಂದಾಗ ಅದನ್ನು ಬಿಟ್ಟು, ದನಿ ಬದಲಿಸದೆ, ಪುಸ್ತಕದಲ್ಲಿ ಇಲ್ಲದ್ದನ್ನು ಓದಿದಳು:

“ಮಾಳೇಶ, ನನ್ನ ಲಗ್ನ ಆಗ್ತೀಯೇನು?”

“ಹೂಂ,” ಅಂದ ಮಾಳೇಶ.

ಮಾಯಾಳಿಗೆ ಉಸಿರು ಎಲ್ಲಿ ಬಿಡಬೇಕೋ ತಿಳಿಯಲಿಲ್ಲ. ಹಳೆಯ ಸೀರೆಯ ತುಂಡುಗಳೆಲ್ಲ ಕೌದಿಯ ಮೇಲೆ ಒಮ್ಮೆಗೇ ಹೊಸದಾದವು. ಮೆಲ್ಲಗೆ ತಲೆ ಎತ್ತಿದಳು. ಅವನು ಹಾಳೆ ತಿರುವಿ ಮುಂದಿನ ಸಾಲಿಗೆ ಬೆರಳಿಟ್ಟಿದ್ದ.

ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಮರಾಠಿ ಹಾಡು ಹಚ್ಚಿಕೊಂಡು, ಕಿಟಕಿ ಅದುರಿಸುತ್ತ ಬಂತು. ಹಿಂದೆಲ್ಲ ಹೀಗಾದಾಗ ಇಬ್ಬರೂ ನಿಲ್ಲಿಸಿ ನಗುತ್ತಿದ್ದರು. ಅವಳು ನಿಲ್ಲಿಸಿದಳು. ಅವನ ಬೆರಳು ನಿಲ್ಲಲಿಲ್ಲ. ಅವಳು ಓದದ ಸಾಲುಗಳ ಮೇಲೆ ಅದು ಹರಿಯುತ್ತ ಹೋಗಿ ಪ್ಯಾರಾದ ತುದಿ ಮುಟ್ಟಿತು.

“ಹೂಂ.”

ಮಾಯಾ ಅವನ ಪುಸ್ತಕದ ಮೇಲೆ ಅಂಗೈ ಇಟ್ಟಳು. ಅವನು ಬೆಚ್ಚಿ ಮುಖ ನೋಡಿದ.

“ಯಾವಾಗಿಂದ?”

ತುಟಿ ನೋಡಿ ತಿಳಿದುಕೊಂಡ. “ದೀಪಾವಳಿ ಮುಂದ ಒಂದ ಕಿವಿ ಹೋತು. ಈಗ ಎರಡೂ. ಗಿರಣಿ ಸಪ್ಪಳ ತಿಂದಬಿಟ್ಟೈತಿ ಅಂದ್ರು ಮಿರಜ ದವಾಖಾನಿ ಡಾಕ್ಟರು. ಕಿವಿಗೆ ಮಷೀನ ಹಾಕಿದ್ರೂ ಬರೇ ಗುಂಯ್ ಅಂತೈತಿ. ನಿನ್ನ ಓದಿನ ಗತಿ ಬಾಯಿಪಾಠ ಇತ್ತಲ್ಲ, ಅದರ ಮ್ಯಾಲೆ ನಡಸಿದೆ.”

“ನನ್ನ ತುಟಿ ನೋಡ್ತಿದ್ದಿ. ಬರೇ ಮಾತು ತಿಳಿಯಾಕೇನು?”

ಅವನು ತುಸು ಹೊತ್ತು ಪುಸ್ತಕದ ಅಂಚು ಸವರಿದ.

“ಅದಕ್ಕೂ,” ಅಂದ.

ಮಾಯಾ ಕಣ್ಣೊರೆಸಿಕೊಂಡಳು. ಆಗ ಓದಿನ ನಡುವೆ ಕೇಳಿದ್ದನ್ನೇ ಮತ್ತೆ ಕೇಳಿದಳು, ಈ ಸಲ ನಿಧಾನವಾಗಿ, ಎದುರುಬದುರಾಗಿ. ಅವನ ಮುಖದಲ್ಲಿ ಬೆಳಕು ಬಂದದ್ದನ್ನು ಕಂಡಳು. ಅದು ಆರಿದ್ದನ್ನೂ ಕಂಡಳು.

“ಬ್ಯಾಡ ಮಾಯಾ. ನಿನ್ನ ದನಿ ಸಲುವಾಗಿ ಊರಊರಾಗ ಮಂದಿ ಕಾಯ್ತಾರ. ಮನ್ಯಾಗ ಮಾತ್ರ ನೀ ಗ್ವಾಡಿಗೆ ಓದಬೇಕೇನು? ನಾ ಇನ್ನ ಬರೇ ರೊಟ್ಟಿ ತಿನ್ನಾಂವ. ರವಿವಾರ ಅಥಣಿಯವ್ರು ಬಂದ್ರ ಹೂಂ ಅಂದುಬಿಡು. ನನ್ನ ಸಲುವಾಗಿ ಇಷ್ಟ ಮಾಡು.”

ಹೇಳಿ ಅವನು ಕಣ್ಣು ಕೆಳಗೆ ಹಾಕಿದ, ಉತ್ತರ ಕಾಣಬಾರದೆಂಬಂತೆ.

ಮಾಯಾ ಅವನ ಗದ್ದ ಹಿಡಿದೆತ್ತಿದಳು. ತನ್ನ ತುಟಿ ಅವನಿಗೆ ಚೆನ್ನಾಗಿ ಕಾಣುವವರೆಗೆ ಕಾದಳು.

“ಒಲ್ಲೆ.”