ಮುನಿಕೆಂಪಮ್ಮನ ಎಲ್ ಬೋರ್ಡ್

"ಕ್ಲಚ್ ಅಮ್ಮ, ಕ್ಲಚ್," ಅಂದ ಅಪ್ಪ.

"ಒತ್ತಿದೀನಿ ಕಣಪ್ಪ," ಅಂದಳು ಅಜ್ಜಿ.

"ಅದು ಬ್ರೇಕು."

ಕಾರು ಒಮ್ಮೆ ಕೆಮ್ಮಿ, ಮುಂದಕ್ಕೆ ಜಿಗಿದು, ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿದ್ದ ತೇಜಸ್ವಿನಿ ತನ್ನ ಬೆಲ್ಟನ್ನು ಎಳೆದು ನೋಡಿಕೊಂಡಳು. ಗಟ್ಟಿಯಾಗಿತ್ತು.

ಭಾನುವಾರ ಬೆಳಿಗ್ಗೆ ಏಳು ಗಂಟೆ. ಅಟ್ಟೂರಿನ ಹೊಸ ಲೇಔಟಿನ ರಸ್ತೆಯಲ್ಲಿ ಎರಡು ನಾಯಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಾರು ಮೂರನೇ ಸಲ ಕೆಮ್ಮಿದ ಮೇಲೆ ನಾಯಿಗಳೂ ಎದ್ದು ಹೋಗಿದ್ದವು.

ಅಜ್ಜಿಯ ಹೆಸರು ಮುನಿಕೆಂಪಮ್ಮ. ವಯಸ್ಸು ಐವತ್ತೆಂಟು. ಕಾರು ಹತ್ತುವ ಮೊದಲು ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. "ಯಾವ್ದು ಕ್ಲಚ್ಚು, ಯಾವ್ದು ಬ್ರೇಕು ಅಂತ ಕಾಲಿಗೆ ಗೊತ್ತಾಗ್ಬೇಕಲ್ಲವ್ವ" ಎಂದು ಅದಕ್ಕೆ ಕಾರಣ ಕೊಡುತ್ತಿದ್ದಳು.

ಡ್ರೈವಿಂಗ್ ಕಲಿಯಬೇಕು ಎಂಬ ಆಸೆ ಅವಳಿಗೆ ಬಂದದ್ದು ತಂಗಿಯಿಂದ. ಅಲ್ಲಾಳಸಂದ್ರದಲ್ಲಿರುವ ಆ ತಂಗಿ, ಸೊಣ್ಣಮ್ಮ, ಹೊಸದಾಗಿ ಎಲೆಕ್ಟ್ರಿಕ್ ಸ್ಕೂಟರ್ ಕಲಿತಿದ್ದಳು. ಒಂದು ದಿನ ಗೇಟಿನ ಮುಂದೆ ಬಂದು, ಇಳಿಯದೆ, ಬರೀ ಹಾರ್ನ್ ಮಾಡಿ ಅಕ್ಕನನ್ನು ಹೊರಗೆ ಕರೆದಿದ್ದಳು. ಮರುದಿನವೇ ಅಜ್ಜಿ ಮಗನ ಮುಂದೆ ನಿಂತು, "ನಂಗೆ ಕಾರು ಕಲಿಸು," ಅಂದಿದ್ದಳು. ಎಲ್‌ಎಲ್‌ಆರ್ ಆಯಿತು. ಕೆಂಪಕ್ಷರದ ಎಲ್ ಬೋರ್ಡ್ ಬಂತು. ಇನ್ನು ಹನ್ನೆರಡು ದಿನಕ್ಕೆ ಆರ್‌ಟಿಓ ಟೆಸ್ಟ್ ಇತ್ತು.

ಅಜ್ಜಿ ಮತ್ತೆ ಕಾರು ಸ್ಟಾರ್ಟ್ ಮಾಡಿದಳು. ಈ ಸಲ ಕಾರು ಸರಾಗವಾಗಿ ಹೊರಟಿತು. ಸೆಕೆಂಡ್ ಗೇರ್ ಬಿತ್ತು. ಅಜ್ಜಿ ಕನ್ನಡಿಯಲ್ಲಿ ತೇಜಸ್ವಿನಿಯನ್ನು ನೋಡಿ ಹುಬ್ಬು ಹಾರಿಸಿದಳು.

"ಅಮ್ಮ, ಹಂಪ್," ಅಂದ ಅಪ್ಪ.

ಅಜ್ಜಿ ಹಂಪನ್ನು ನೋಡಿದಳು. ಆದರೆ ಅಷ್ಟರಲ್ಲಿ ಕಾರು ಅದನ್ನು ದಾಟಿ ಆಗಿತ್ತು. ಮೂವರೂ ಸೀಟಿನಿಂದ ಒಂದು ಗೇಣು ಮೇಲೆ ಹೋಗಿ ಕೆಳಗೆ ಬಂದರು. ಆಗಲೇ ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡಿತು. ಅದರಲ್ಲಿ ಮೂರು ಇಂಗ್ಲಿಷ್ ಅಕ್ಷರ ಇದ್ದವು.

"ಎಬಿಎಸ್," ಎಂದು ಓದಿದಳು ತೇಜಸ್ವಿನಿ.

ಅಪ್ಪ ಕಾರು ನಿಲ್ಲಿಸಲು ಹೇಳಿದ. ಇಂಜಿನ್ ಆಫ್ ಮಾಡಿ ಮತ್ತೆ ಆನ್ ಮಾಡಿದ. ದೀಪ ಹೋಗಲಿಲ್ಲ.

"ಮುಗೀತು. ಬ್ರೇಕಿನ ಲೈಟು ಇದು. ಏನೋ ಮುರಿದು ಹಾಕ್ದೆ ನೀನು."

"ನಾನೇನು ಮುರಿದೆ? ರೋಡ್ನಲ್ಲಿ ಹಂಪ್ ಆಕಿರೋರು ಯಾರು, ನಾನಾ?"

"ರಿಪೇರಿ ಆಗೋವರ್ಗೂ ಕಲಿಯೋದು ಬೇಡ. ಆಮೇಲೂ ನೋಡೋಣ."

'ಆಮೇಲೂ ನೋಡೋಣ' ಎಂದರೆ ಏನೆಂದು ತೇಜಸ್ವಿನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಸ್ಕೇಟಿಂಗ್ ಶೂಗೂ ಅಪ್ಪ ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದ. ಅಜ್ಜಿಗೂ ಅದು ಗೊತ್ತಿರಬೇಕು. ಅವಳು ಇಳಿದು ಚಪ್ಪಲಿ ಹುಡುಕಿದಳು. ಅವು ಅರ್ಧ ಕಿಲೋಮೀಟರ್ ಹಿಂದೆ, ಕಾರು ಹತ್ತಿದ ಜಾಗದಲ್ಲೇ ಉಳಿದಿದ್ದವು.

ಆ ವಾರವೆಲ್ಲ ಅಜ್ಜಿ ಮಂಕಾಗಿದ್ದಳು. ಆದರೂ ತೇಜಸ್ವಿನಿಯ ಊಟದ ಡಬ್ಬಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಅಮ್ಮ ಆರೂವರೆಗೇ ಏರ್‌ಪೋರ್ಟ್ ಕೆಲಸಕ್ಕೆ ಹೋಗುತ್ತಿದ್ದುದರಿಂದ ಡಬ್ಬಿ ಅಜ್ಜಿಯದೇ ಕೆಲಸ. ದಿನವೂ ಮೆಂತ್ಯ ಸೊಪ್ಪಿನ ಚಪಾತಿ.

ಮೆಂತ್ಯ ಚಪಾತಿ ಕೆಟ್ಟದ್ದೇನಲ್ಲ. ಆದರೆ ಐದನೇ ಕ್ಲಾಸಿನ ಮೂರನೇ ಬೆಂಚಿನಲ್ಲಿ ತೇಜಸ್ವಿನಿಯ ಪಕ್ಕ ಕುಲ್ಸುಮ್ ಕೂರುತ್ತಿದ್ದಳು. ಕುಲ್ಸುಮಳ ಡಬ್ಬಿಯಲ್ಲಿ ಟೊಮೆಟೊ ರೈಸ್, ಅದರ ಮೇಲೆ ಹುರಿದ ಆಲೂಗಡ್ಡೆ. ಅವಳ ಅಮ್ಮ ಯಾವಾಗಲೂ ಇಬ್ಬರಿಗಾಗುವಷ್ಟು ಹಾಕುತ್ತಿದ್ದರು.

"ನಿಮ್ಮಜ್ಜಿದು ಇವತ್ತೂ ಗ್ರೀನ್ ಚಪಾತಿನಾ?" ಎಂದು ಕುಲ್ಸುಮ್ ಕೇಳುತ್ತಿದ್ದಳು.

"ಇವತ್ತೂ," ಎಂದು ತೇಜಸ್ವಿನಿ ಆಲೂಗಡ್ಡೆಗೆ ಕೈ ಹಾಕುತ್ತಿದ್ದಳು.

ಜೂನ್ ತಿಂಗಳಲ್ಲಿ ಒಂದು ದಿನ ಅವಳು ತುಂಬಿದ ಡಬ್ಬಿಯನ್ನು ಹಾಗೆಯೇ ಮನೆಗೆ ತಂದಿದ್ದಳು. "ಯಾಕವ್ವ, ಚೆನ್ನಾಗಿರ್ಲಿಲ್ವಾ?" ಎಂದು ಕೇಳಿದ ಅಜ್ಜಿಯ ಮುಖ ಸಣ್ಣದಾಗಿತ್ತು. ಆಮೇಲೆ ಆ ತಣ್ಣಗಿನ ಚಪಾತಿಯನ್ನು ಅವಳೇ ಕೂತು ತಿಂದಿದ್ದಳು. ಅದನ್ನು ಇನ್ನೊಮ್ಮೆ ನೋಡಲು ತೇಜಸ್ವಿನಿಗೆ ಇಷ್ಟವಿರಲಿಲ್ಲ. ಕಸದ ಬುಟ್ಟಿಗೆ ಹಾಕುವಂತೆಯೂ ಇರಲಿಲ್ಲ, ಹಸಿಕಸ ಒಣಕಸ ಬೇರೆ ಮಾಡುವವಳು ಅಜ್ಜಿಯೇ.

ಅಪ್ಪ ಕೆಲಸಕ್ಕೆ ಬೈಕಿನಲ್ಲಿ ಹೋಗುತ್ತಿದ್ದ. ಕಾರು ವಾರವೆಲ್ಲ ಮನೆಯ ಪಕ್ಕದಲ್ಲಿ, ಕಾಂಪೌಂಡ್ ಗೋಡೆಗೆ ಅಂಟಿಕೊಂಡಂತೆ ನಿಂತಿರುತ್ತಿತ್ತು. ತುಂಬಿದ ಡಬ್ಬಿ ವಾಪಸ್ ತಂದ ಆ ದಿನದಿಂದ, ಸ್ಕೂಲ್ ವ್ಯಾನ್ ಇಳಿದ ತೇಜಸ್ವಿನಿ ಶೂ ಲೇಸ್ ಕಟ್ಟುವವಳಂತೆ ಅಲ್ಲಿ ಬಗ್ಗುತ್ತಿದ್ದಳು. ಮುಂದಿನ ಎಡಗಡೆಯ ಚಕ್ರದ ಹಿಂದೆ ಚಪಾತಿ ಇಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ಏನೂ ಇರುತ್ತಿರಲಿಲ್ಲ. ನಾಯಿ ತಿಂದಿರಬೇಕು ಎಂದುಕೊಳ್ಳುತ್ತಿದ್ದಳು. ನಾಯಿಗೂ ಖುಷಿ, ಅಜ್ಜಿಗೂ ಖುಷಿ. ಖಾಲಿ ಡಬ್ಬಿ ನೋಡಿ ಅಜ್ಜಿ ದಿನವೂ ತೇಜಸ್ವಿನಿಯ ಕೆನ್ನೆ ಚಿವುಟುತ್ತಿದ್ದಳು.

ಶನಿವಾರ ಮಧ್ಯಾಹ್ನ ಅಪ್ಪ ಕಾರನ್ನು ಗ್ಯಾರೇಜಿಗೆ ಹೊರಡಿಸಿದ.

"ನಾನೂ ಬತ್ತೀನಿ," ಅಂದಳು ಅಜ್ಜಿ. "ನಾನೇ ಮುರಿದಿದ್ದು ಅಂತ ಏಳ್ದಲ್ಲ. ಏನ್ ಮುರಿದೀನಿ ಅಂತ ನೋಡ್ಬೇಕು." ಎಲ್ ಬೋರ್ಡನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಕೂತಳು. ತೇಜಸ್ವಿನಿಯೂ ಹತ್ತಿಕೊಂಡಳು.

ಮೆಕ್ಯಾನಿಕ್ ಮಂಜೂರ್ ಅಂಕಲ್ ತೆಳ್ಳಗೆ ಎತ್ತರಕ್ಕಿದ್ದರು. ಅವರು ಸ್ಟೇರಿಂಗಿನ ಕೆಳಗೆ ಒಂದು ವೈರ್ ಚುಚ್ಚಿ, ಕೈಯಲ್ಲಿದ್ದ ಪುಟ್ಟ ಸ್ಕ್ಯಾನರ್ ನೋಡಿದರು.

"ಎಡಗಡೆ ಮುಂದಿನ ಚಕ್ರ ಮಾತಾಡ್ತಿಲ್ಲ," ಅಂದರು.

"ಚಕ್ರ ಮಾತಾಡುತ್ತಾ ಅಂಕಲ್?" ಎಂದು ಕೇಳಿದಳು ತೇಜಸ್ವಿನಿ.

"ಹೂಂ ಮತ್ತೆ. ನಾಲ್ಕು ಚಕ್ರದ ಹತ್ರಾನೂ ಒಂದೊಂದು ಸೆನ್ಸರ್ ಇದೆ. ನಾನು ಇಷ್ಟು ಸ್ಪೀಡಾಗಿ ತಿರುಗ್ತಿದೀನಿ ಅಂತ ಅವು ಹೇಳ್ತಾನೇ ಇರುತ್ವೆ. ನೀನು ಜೋರಾಗಿ ಬ್ರೇಕ್ ಒತ್ತಿದೆ ಅಂದ್ಕೋ. ಚಕ್ರ ಗಪ್ ಅಂತ ನಿಂತ್ಬಿಟ್ರೆ ಕಾರು ನಿಲ್ಲಲ್ಲ, ಜಾರ್ತಾ ಹೋಗುತ್ತೆ. ಹಂಗಾಗದೇ ಇರೋ ತರ ಎಬಿಎಸ್ ನೋಡ್ಕೊಳ್ಳುತ್ತೆ. ಒಂದು ಸೆನ್ಸರ್ ಸುಮ್ಮನಾದ್ರೂ ಅದು ಕೆಲ್ಸ ನಿಲ್ಸಿ ಲೈಟ್ ಹಾಕುತ್ತೆ."

"ಅಂದ್ರೆ ಬ್ರೇಕೇ ಇಲ್ವಾ?" ಅಜ್ಜಿ ಗಾಬರಿಯಾದಳು.

"ಬ್ರೇಕ್ ಇದೆ ಅಮ್ಮ. ಮಳೆ ಬಂದಾಗ ಮಾತ್ರ ಭಯ."

ಮಂಜೂರ್ ಅಂಕಲ್ ಜಾಕ್ ಹಾಕಿ ಕಾರೆತ್ತಿದರು. ಚಕ್ರ ಬಿಚ್ಚಿದರು. ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಸೆನ್ಸರನ್ನು ತೋರಿಸಿದರು. ಅದರ ಮಣ್ಣನ್ನು ಬ್ರಷ್‌ನಿಂದ ಒರೆಸಿ, ಮತ್ತೆ ಸ್ಕ್ಯಾನರ್ ನೋಡಿದರು. ಚಕ್ರ ಆಗಲೂ ಮಾತಾಡಲಿಲ್ಲ. ಆಮೇಲೆ ಸೆನ್ಸರಿನ ವೈರನ್ನು ಬೆರಳಲ್ಲಿ ಹಿಡಿದು ಮೇಲೆ ಮೇಲೆ ಹೋದರು. ಅರ್ಧದಲ್ಲಿ ಬೆರಳು ನಿಂತಿತು.

"ಸುರೇಶಣ್ಣ, ಇಲ್ಲಿ ನೋಡಿ."

ಅಪ್ಪ ಬಗ್ಗಿದ. ವೈರು ಎರಡು ತುಂಡಾಗಿತ್ತು. ತುದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು.

"ಹೆಗ್ಗಣ. ಕಡಿದು ಕಡಿದು ಒಂದೆಳೆ ಉಳಿಸಿತ್ತು ಅನ್ಸುತ್ತೆ. ಹಂಪ್ ಹಾರಿದಾಗ ಅದೂ ಹೋಯ್ತು."

ಅಜ್ಜಿ ಮಗನ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ? ಎಗ್ಗಣ. ಮುನಿಕೆಂಪಮ್ಮ ಅಲ್ಲ."

ಮಂಜೂರ್ ಅಂಕಲ್ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿದರು. ಒಳಗಿನಿಂದ ಹುಲ್ಲು, ಬಟ್ಟೆ ಚೂರು, ಕಾಗದದ ಚೂರು ಉದುರಿದವು. ಕೊನೆಗೆ ತಟ್ಟೆಯಂತೆ ಗಟ್ಟಿಯಾದ ಏನೋ ಒಂದು ಠಣ್ ಎಂದು ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಚಪಾತಿ," ಅಂದರು. ಮೂಗಿನ ಹತ್ತಿರ ತಂದರು. "ಮೆಂತ್ಯ ಹಾಕಿದಾರೆ. ಒಳ್ಳೆ ಹೆಗ್ಗಣ ಸುರೇಶಣ್ಣ, ಸೊಪ್ಪು ತರಕಾರಿ ತಿನ್ನುತ್ತೆ."

ತೇಜಸ್ವಿನಿ ಆ ಚಪಾತಿಯನ್ನೇ ನೋಡಿದಳು. ನಾಯಿ ಅಲ್ಲ. ಇಷ್ಟು ದಿನವೂ ನಾಯಿ ಅಲ್ಲ.

"ಸರಿ ಹೋಯ್ತು," ಅಂದ ಅಪ್ಪ. "ಅಮ್ಮ, ಉಳಿದ ಚಪಾತಿ ಎಲ್ಲ ಅಲ್ಲಿ ಎಸೀತಿದ್ಯಾ? ಗೋಡೆ ಪಕ್ಕ ಅವರೆಕಾಯಿ ಸಿಪ್ಪೆ ಬೇರೆ ಒಣಗಾಕ್ತೀಯ. ಹೆಗ್ಗಣ ಬರದೆ ಇನ್ನೇನು? ಹೆಂಗೆ ನೋಡಿದ್ರೂ ನಿನ್ನಿಂದಾನೇ ಆಗಿದ್ದು."

"ನಾನ್ಯಾಕೆ ಎಸೀಲಿ?" ಅಂದಳು ಅಜ್ಜಿ. ಆದರೆ ಆ ಚಪಾತಿ ತನ್ನದೇ ಎಂದು ಅವಳಿಗೂ ಕಾಣುತ್ತಿತ್ತು. ಬೇರೆ ಯಾರ ಮನೆಯಲ್ಲೂ ಅಷ್ಟು ಮೆಂತ್ಯ ಹಾಕುವುದಿಲ್ಲ. ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು, ಎಲ್ ಬೋರ್ಡನ್ನು ತಿರುಗಿಸಿ, ಅಕ್ಷರ ಕಾಣದಂತೆ ತೊಡೆಯ ಮೇಲೆ ಇಟ್ಟುಕೊಂಡಳು.

"ಓಗ್ಲಿ ಬುಡು," ಅಂದಳು ಮೆಲ್ಲಗೆ. "ಸೊಣ್ಣಮ್ಮನ ಸ್ಕೂಟರ್ ಹಿಂದ್ಗಡೆ ಕೂತ್ಕೊಂಡ್ ಓಗ್ತೀನಿ."

ಅಜ್ಜಿ ಜಗಳ ಆಡಿದ್ದರೆ ತೇಜಸ್ವಿನಿ ಸುಮ್ಮನೆ ಇದ್ದುಬಿಡುತ್ತಿದ್ದಳೇನೋ. ಆದರೆ ಸೊಣ್ಣಜ್ಜಿಯ ಸ್ಕೂಟರಿನ ಹಿಂದೆ ತನ್ನ ಅಜ್ಜಿ ಕೂತಿರುವುದನ್ನು ನೆನೆಸಿಕೊಳ್ಳಲು ಅವಳಿಂದ ಆಗಲಿಲ್ಲ.

"ಅದು ನಂದು," ಅಂದಳು.

"ಏನು ನಿಂದು?" ಎಂದು ಕೇಳಿದ ಅಪ್ಪ.

"ಚಪಾತಿ. ಟಯರ್ ಹಿಂದೆ ಇಡ್ತಿದ್ದಿದ್ದು ನಾನು. ದಿನಾ. ನಾಯಿ ತಿನ್ನುತ್ತೆ ಅಂದ್ಕೊಂಡಿದ್ದೆ."

ಮಂಜೂರ್ ಅಂಕಲ್ ಚಪಾತಿಯನ್ನು ಮೆಲ್ಲಗೆ ಟೂಲ್ ಬಾಕ್ಸಿನ ಮೇಲಿಟ್ಟರು.

ಅಜ್ಜಿ ಬೈಯುತ್ತಾಳೆ ಎಂದು ತೇಜಸ್ವಿನಿ ಕಾದಳು. ಅಜ್ಜಿ ಬೈಯಲಿಲ್ಲ. ಏನೋ ಲೆಕ್ಕ ಹಾಕುವವಳಂತೆ ಕೂತಿದ್ದಳು.

"ಅಂಗಾದ್ರೆ ನೀನು ತಿಂತಾನೇ ಇರ್ಲಿಲ್ವಾ?"

ತೇಜಸ್ವಿನಿ ತಲೆ ಅಲ್ಲಾಡಿಸಿದಳು.

"ಮೊದ್ಲು ಎರಡು ಆಕ್ತಿದ್ದೆ. ಡಬ್ಬಿ ಖಾಲಿಯಾಗಿ ಬತ್ತಿತ್ತು. ಮಗೀಗೆ ಸಾಲ್ತಿಲ್ಲ ಅಂತ ಮೂರು ಆಕ್ದೆ. ಅದೂ ಖಾಲಿ. ಈಗ ನಾಲ್ಕು ಆಕ್ತಿದೀನಿ ಕಣವ್ವ. ಬೆಳಿಗ್ಗೆ ಅರ್ಧ ಗಂಟೆ ಬೇಗ ಏಳ್ತೀನಿ."

ಅದು ತೇಜಸ್ವಿನಿಗೆ ಗೊತ್ತೇ ಇರಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುವಾಗ ಎಷ್ಟು ಚಪಾತಿ ಇದೆ ಎಂದು ಅವಳು ಒಮ್ಮೆಯೂ ಎಣಿಸಿರಲಿಲ್ಲ. ಕಣ್ಣು ತುಂಬಿ ಬಂತು. ಅವಳು ಬಗ್ಗಿ, ಈ ಸಲ ನಿಜವಾಗಿಯೂ ಶೂ ಲೇಸ್ ಕಟ್ಟಿಕೊಂಡಳು.

ಮಂಜೂರ್ ಅಂಕಲ್ ಗಂಟಲು ಸರಿಮಾಡಿಕೊಂಡರು. "ವೈರ್ ಜಾಯಿಂಟ್ ಮಾಡ್ಬಹುದು. ಆದ್ರೆ ಬ್ರೇಕ್ ವಿಷಯ, ಹೊಸ ಸೆನ್ಸರೇ ಹಾಕ್ಬಿಡ್ತೀನಿ. ವೈರ್ ಸಮೇತ ಬರುತ್ತೆ. ಸುರೇಶಣ್ಣ, ಅಮ್ಮನಿಗೆ ಏನೋ ಹೇಳೋದಿತ್ತಲ್ಲ ನೀವು?"

"ನಾನಾ?" ಅಂದ ಅಪ್ಪ. ತಲೆ ಕೆರೆದುಕೊಂಡ. ಬಿಚ್ಚಿಟ್ಟಿದ್ದ ಚಕ್ರವನ್ನು ನೋಡುತ್ತಾ, "ಸಾರಿ," ಅಂದ.

"ಟಯರಿಗಲ್ಲ ಸುರೇಶಣ್ಣ. ಅಮ್ಮನಿಗೆ."

ಅಪ್ಪ ತಿರುಗಿ ಇನ್ನೊಮ್ಮೆ ಹೇಳಿದ. ಅಜ್ಜಿ, "ಕೇಳಿಸ್ಲಿಲ್ಲ," ಅಂದಳು. ಅವನು ಮೂರನೇ ಸಲವೂ ಹೇಳಬೇಕಾಯಿತು.

ಹೊಸ ಸೆನ್ಸರ್ ತರಿಸಿ ಹಾಕಲು ಒಂದೂವರೆ ಗಂಟೆ ಹಿಡಿಯಿತು. ಚಕ್ರ ಕೂತಿತು, ಕಾರು ಇಳಿಯಿತು. ಅಪ್ಪ ಕೀ ತಿರುಗಿಸಿದಾಗ ಹಳದಿ ದೀಪ ಹಾಗೆಯೇ ಉರಿಯುತ್ತಿತ್ತು.

"ಸ್ವಲ್ಪ ದೂರ ಓಡ್ಲಿ," ಅಂದರು ಮಂಜೂರ್ ಅಂಕಲ್. "ನಾಲ್ಕೂ ಚಕ್ರ ತಿರುಗಿ, ನಾಲ್ಕೂ ಸೆನ್ಸರ್ ಮಾತಾಡ್ತಿವೆ ಅಂತ ಗೊತ್ತಾದ್ಮೇಲೆ ತಾನೇ ಹೋಗುತ್ತೆ. ಯಾರ್ ಓಡಿಸ್ತೀರ?"

ಅಪ್ಪ ಅಜ್ಜಿಯನ್ನು ನೋಡಿದ. ಅಜ್ಜಿ ರಸ್ತೆಯನ್ನು ನೋಡಿದಳು. ಅಪ್ಪ ಅವಳ ಕೈಯಿಂದ ಎಲ್ ಬೋರ್ಡ್ ತೆಗೆದುಕೊಂಡು ಹೋಗಿ ಕಾರಿನ ಮುಂದೆ ಕಟ್ಟಿದ. ಲೇಔಟಿನ ಖಾಲಿ ರಸ್ತೆಯವರೆಗೆ ತಾನೇ ಓಡಿಸಿ, ಆಮೇಲೆ ಸೀಟು ಬಿಟ್ಟುಕೊಟ್ಟ.

ಅಜ್ಜಿ ಸೆರಗು ಸಿಕ್ಕಿಸಿಕೊಂಡಳು. ಚಪ್ಪಲಿಯನ್ನು ಈ ಸಲ ತೇಜಸ್ವಿನಿಯ ಕೈಗೆ ಕೊಟ್ಟಳು. ಕಾರು ಕೆಮ್ಮಲಿಲ್ಲ. ಫಸ್ಟ್ ಗೇರ್, ಸೆಕೆಂಡ್ ಗೇರ್. ಎರಡು ಕಂಬ ದಾಟುವಷ್ಟರಲ್ಲಿ ಹಳದಿ ದೀಪ ಸದ್ದಿಲ್ಲದೆ ಆರಿತು. ಹಂಪ್ ಬಂತು. ಅಜ್ಜಿ ಎಷ್ಟು ನಿಧಾನ ಮಾಡಿದಳೆಂದರೆ ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬರು ಕಾರನ್ನು ದಾಟಿ ಮುಂದೆ ಹೋದರು.

"ತೇಜೂ," ಅಂದಳು ಅಜ್ಜಿ. "ಸೋಮ್ವಾರ ಡಬ್ಬಿಗೆ ಏನ್ ಆಕ್ಲಿ?"

ತೇಜಸ್ವಿನಿ ಚಪ್ಪಲಿಗಳನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ಅಜ್ಜಿಗೆ ಖುಷಿಯಾಗುವ ಉತ್ತರ ಯಾವುದೆಂದು ಅವಳಿಗೆ ಗೊತ್ತಿತ್ತು. ಅದು ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಮೆಂತ್ಯ ಬೇಡ ಅಜ್ಜಿ. ದಿನಾ ಅದೇ ನೋಡಿ ಬೇಜಾರಾಗಿದೆ. ಚಿತ್ರಾನ್ನ ಮಾಡ್ತೀಯಾ?"

ಹೇಳಿದ ಮೇಲೆ ಅವಳು ಕನ್ನಡಿಯಲ್ಲಿ ಅಜ್ಜಿಯ ಮುಖವನ್ನು ಹುಡುಕಿದಳು. ಅದು ಸಣ್ಣದಾಗಿರಲಿಲ್ಲ. ಅಜ್ಜಿ ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದಳು, ಅಷ್ಟೇ.

"ಚಿತ್ರಾನ್ನ ಆದ್ರೆ ನಂಗೂ ಕೆಲ್ಸ ಕಮ್ಮಿ," ಅಂದಳು. "ಕಡಲೆಬೀಜ ಜಾಸ್ತಿ ಆಕ್ಬೇಕಾ?"

"ಅಮ್ಮ, ಮುಂದೆ ನೋಡು," ಅಂದ ಅಪ್ಪ.

"ಮುಂದೇನೇ ನೋಡ್ತಿದೀನಿ, ನೀನು ಸುಮ್ಕಿರು. ಏಳವ್ವ ನೀನು."

"ಸ್ವಲ್ಪ ಜಾಸ್ತಿ," ಅಂದಳು ತೇಜಸ್ವಿನಿ. ಎಷ್ಟು ಸುಲಭವಾಗಿತ್ತು ಅದು. ಇಷ್ಟು ದಿನ ಅವಳು ಆ ಚಕ್ರದ ಹತ್ತಿರ ಯಾಕೆ ಅಷ್ಟೊಂದು ಸಲ ಬಗ್ಗಿದಳೋ.