ಹುಣಿಸೆಹಣ್ಣು ತಿಕ್ಕಿದ ಮೆಡಲ್

"ಅಯ್ಯೋ ದೇವ್ರೇ, ಇದೆಂತ ಆಯ್ತ್!"

ಬಾಯಿ ತೆರೆದದ್ದೇ ತಡ, ಶರಣ್ಯಾ ಹಲ್ಲಲ್ಲಿ ಕಚ್ಚಿ ಹಿಡಿದಿದ್ದ ನೀಲಿ ರಿಬ್ಬನ್ ಜಾರಿ ಬಕೆಟ್ ನೀರಿಗೆ ಬಿತ್ತು. ಅದು ನೆನೆಯಬಾರದು ಎಂದೇ ಅವಳು ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದಳು. ಈಗ ರಿಬ್ಬನ್ನಿನ ಚಿಂತೆ ಯಾರಿಗೆ? ಅದರ ತುದಿಯಲ್ಲಿದ್ದ ಮೆಡಲ್ಲೇ ಗುರುತು ಸಿಗದ ಹಾಗಾಗಿತ್ತು.

ಅದು ಸುಪ್ರೀತಾ ಚಿಕ್ಕಿಯ ಮೆಡಲ್. ಚಿಕ್ಕಿ ಎಂದರೆ ಅಮ್ಮನ ಕೊನೆಯ ತಂಗಿ. ಅವಳು ಸಾಫ್ಟ್‌ಬಾಲ್ ಆಡುತ್ತಾಳೆ. ಆಡುವುದು ಎಂದರೆ ಹಿತ್ತಲಲ್ಲಿ ಆಡುವ ಹಾಗಲ್ಲ, ಭಾರತದ ಟೀಮಿನಲ್ಲಿ! ಏಷ್ಯಾದ ದೇಶಗಳೆಲ್ಲ ಸೇರುವ ದೊಡ್ಡ ಕ್ರೀಡಾಕೂಟದಲ್ಲಿ ನಮ್ಮ ಹುಡುಗಿಯರು ಕಂಚು ಗೆದ್ದಿದ್ದರು. ನಿನ್ನೆ ಸಂಜೆ ಚಿಕ್ಕಿ ಕುಂದಾಪುರದಲ್ಲಿ ರೈಲು ಇಳಿದಾಗ ಅವರೂರು ಕೋಡಿಯ ಅರ್ಧ ಜನ ಪ್ಲಾಟ್‌ಫಾರ್ಮಿನಲ್ಲಿದ್ದರು. ಇನ್ನರ್ಧ ಜನ ಮನೆಯ ಅಂಗಳದಲ್ಲಿದ್ದರು.

ಇವತ್ತು ಶರಣ್ಯಾಳ ಶಾಲೆಯಲ್ಲಿ ಚಿಕ್ಕಿಗೆ ಸನ್ಮಾನ. ಚಿಕ್ಕಿ ಓದಿದ್ದೂ ಅದೇ ಶಾಲೆಯಲ್ಲಿ.

ರಾತ್ರಿ ಮೆಡಲನ್ನು ದೇವರ ಮುಂದೆ ಇಡುವಾಗ ಜಲಜಜ್ಜಿ ಕಣ್ಣು ಕಿರಿದು ಮಾಡಿ ನೋಡಿದ್ದಳು. "ಎಂತ ಹೆಣೆ ಸುಪ್ರೀತಾ, ಇಷ್ಟ್ ಕಪ್ಪ್ ಇತ್ತಲೆ? ನಮ್ಮನಿ ದೀಪವೇ ಇದ್ಕಿಂತ ಹೊಳಿತ್ತ್."

"ಕಂಚ್ ಹೀಂಗೇ ಅಮ್ಮ," ಎಂದು ಚಿಕ್ಕಿ ನಗುತ್ತಾ ಮಲಗಲು ಹೋಗಿದ್ದಳು.

ಆದರೆ ಆ ಮಾತು ಶರಣ್ಯಾಳ ತಲೆಯಲ್ಲಿ ಉಳಿಯಿತು. ಯಾಕೆಂದರೆ ದೇವರ ದೀಪ ತಿಕ್ಕುವುದು ಅವಳದೇ ಕೆಲಸ. ಹುಣಿಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಇಷ್ಟು ಸಿಕ್ಕರೆ ಎಂಥಾ ಕಿಲುಬು ಹಿಡಿದ ದೀಪವನ್ನೂ ಅವಳು ಹೊಸದು ಮಾಡಿ ಕೊಡುತ್ತಿದ್ದಳು. ಓದಿನಲ್ಲಿ ಹೇಗೋ ಏನೋ, ದೀಪ ತಿಕ್ಕುವುದರಲ್ಲಿ ಅವಳು ಫಸ್ಟ್ ಕ್ಲಾಸ್.

ಚಿಕ್ಕಿ ಏಳುವುದರೊಳಗೆ ಮೆಡಲ್ ಫಳಫಳ ಹೊಳೆಯಬೇಕು! ಚಿಕ್ಕಿ ನೋಡಿ ಕುಣಿಯಬೇಕು! ಹಾಗಂದುಕೊಂಡು ಬೆಳಿಗ್ಗೆ ದೀಪಗಳ ಜೊತೆ ಮೆಡಲನ್ನೂ ಬಾವಿಕಟ್ಟೆಗೆ ತಂದಿದ್ದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ತಿಕ್ಕಿದ ಹಾಗೆ ಮೆಡಲ್‌ನ ಕಂದು ಬಣ್ಣವೇ ಕಿತ್ತು ಬಂತು. ಒಂದು ಕಡೆ ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪಗೆ, ಇನ್ನೊಂದು ಕಡೆ ಹಳದಿ, ನಡುವೆ ಚಿಬ್ಬು ಚಿಬ್ಬು. ಅಕ್ಷರಗಳ ಒಳಗೆ ತುಂಬಿದ್ದ ಕಪ್ಪು ಬಣ್ಣವೂ ಹೋಗಿತ್ತು. ಏನು ಬರೆದಿದೆ ಎಂದು ಮೆಡಲನ್ನು ಓರೆ ಮಾಡಿ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು.

ಅಂಗಡಿಯಲ್ಲಿ ಸಿಗುವ ಸಾಮಾನಾದರೆ ಇನ್ನೊಂದು ತರಬಹುದಿತ್ತು. ಇದನ್ನು ಎಲ್ಲಿಂದ ತರುವುದು? ಚಿಕ್ಕಿ ಇನ್ನು ನನ್ನ ಹತ್ತಿರ ಮಾತಾಡುತ್ತಾಳಾ? ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

"ಶರೂ, ದೀಪ ತಿಕ್ಕಿ ಆಯ್ತಾ?" ಅಡುಗೆಮನೆಯಿಂದ ಅಮ್ಮ ಕೂಗಿದಳು.

"ಆಯ್ತಮ್ಮಾ... ಈಗ ಬತ್ತೆ!"

ಹೆದರಿದವರ ತಲೆ ಬೇಗ ಓಡುತ್ತದೆ. ಆದರೆ ಯಾವ ಕಡೆ ಓಡುತ್ತದೆ ಎಂದು ಹೇಳಲಾಗದು. ಶರಣ್ಯಾಳ ತಲೆ ಬಚ್ಚಲಮನೆಯ ಕಡೆ ಓಡಿತು. ಅಲ್ಲಿ ನೀರು ಕಾಯಿಸುವ ಹಂಡೆ, ಹಂಡೆಯ ಅಡಿಯಲ್ಲಿ ದಪ್ಪ ಮಸಿ. ಕಪ್ಪು ಹೋದರೆ ಕಪ್ಪು ಹಚ್ಚಿದರಾಯಿತು! ಮಸಿಗೆ ತೆಂಗಿನೆಣ್ಣೆ ಕಲಸಿ, ಮೆಡಲ್‌ಗೆ ಹಚ್ಚಿ, ಹಳೇ ಬಟ್ಟೆಯಿಂದ ಒರೆಸಿದಳು. ದೂರದಿಂದ ನೋಡಿದರೆ ಪರವಾಗಿಲ್ಲ ಎನಿಸಿತು. ರಿಬ್ಬನ್ ಹಿಂಡಿ, ಮೆಡಲನ್ನು ಮೊದಲಿನ ಜಾಗದಲ್ಲೇ ಇಟ್ಟಳು. ದೇವರಿಗೊಂದು ದೊಡ್ಡ ನಮಸ್ಕಾರ ಹಾಕಿದಳು.

ಚಿಕ್ಕಿ ಸ್ನಾನ ಮಾಡಿ, ಇಂಡಿಯಾ ಎಂದು ಬರೆದ ನೀಲಿ ಕೋಟು ಹಾಕಿಕೊಂಡು ದೇವರ ಕೋಣೆಗೆ ಹೋದಳು. ಶರಣ್ಯಾ ಬಾಗಿಲ ಹಿಂದೆ ಅಡಗಿ ನಿಂತಳು. ಒಳಗೆ ಚಿಕ್ಕಿ ಏನು ಮಾಡುತ್ತಿದ್ದಾಳೆ, ಕಾಣಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದಳು. ಕೊರಳಲ್ಲಿ ಮೆಡಲ್ ಇತ್ತು.

"ಎಂತ ಶರೂ, ಮುಖ ಬಾಡಿತ್ತಲೆ? ತಿಂಡಿ ತಿಂದ್ಯಾ?"

"ತಿಂದೆ ಚಿಕ್ಕಿ."

"ಹಂಗಾರೆ ಹೋಪ."

ಅಷ್ಟೇ! ಚಿಕ್ಕಿಗೆ ಗೊತ್ತೇ ಆಗಲಿಲ್ಲ! ಶರಣ್ಯಾಳಿಗೆ ಹಾರಿಕೊಂಡು ಹೋಗುವಷ್ಟು ಹಗುರವಾಯಿತು. ಆದರೆ ಶಾಲೆಯ ಗೇಟು ಕಾಣುವ ಹೊತ್ತಿಗೆ ಆ ಹಗುರ ಎಲ್ಲಿ ಹೋಯಿತೋ, ಅವಳು ಚಿಕ್ಕಿಯಿಂದ ನಾಲ್ಕು ಹೆಜ್ಜೆ ಹಿಂದೆ ನಡೆಯತೊಡಗಿದ್ದಳು.

ಶನಿವಾರ. ಮಕ್ಕಳೆಲ್ಲ ಬಿಳಿ ಯೂನಿಫಾರ್ಮಿನಲ್ಲಿ ಹಾಲ್‌ನ ನೆಲದ ಮೇಲೆ ಸಾಲಾಗಿ ಕೂತಿದ್ದರು. ಹಿಂದೆ ಕುರ್ಚಿಗಳಲ್ಲಿ ದೊಡ್ಡವರು. ಮೀನು ವ್ಯಾಪಾರಕ್ಕೆ ರಜೆ ಹಾಕಿ, ರೇಷ್ಮೆ ಸೀರೆ ಉಟ್ಟು ಬಂದ ಜಲಜಜ್ಜಿ ಅವರ ನಡುವೆ ಮಹಾರಾಣಿಯ ಹಾಗೆ ಕೂತಿದ್ದಳು.

ಪಿ.ಟಿ. ಮಾಸ್ಟರ್ ಸುಧೀರ್ ಸರ್ ಮೈಕ್ ಹಿಡಿದರು. ಚಿಕ್ಕಿಗೆ ಚೆಂಡು ಹಿಡಿಯಲು ಮೊದಲು ಕಲಿಸಿದವರು ಅವರೇ. "ಮಕ್ಕಳೇ, ಯಾರಿಗಾದರೂ ಏನಾದರೂ ಕೇಳಬೇಕಾ?"

ಸುಜನ್ ಕೈ ಎತ್ತಿದ. ತರಗತಿಯಲ್ಲಿ ಏನು ಕಿತಾಪತಿ ನಡೆದರೂ ಮೊದಲು ಕೇಳಿಬರುವ ಹೆಸರು ಅವನದು. "ಅಕ್ಕ, ಸಾಫ್ಟ್‌ಬಾಲ್ ಅಂದ್ರೆ ಬಾಲ್ ಮೆತ್ತಗೆ ಇರತ್ತಾ?"

"ಮೆತ್ತಗಾ?" ಚಿಕ್ಕಿ ಬಲಗೈ ಎತ್ತಿ ಸೊಟ್ಟಗಿದ್ದ ಕಿರುಬೆರಳು ತೋರಿಸಿದಳು. "ಇದನ್ನ ಕೇಳು, ಹೇಳ್ತದೆ."

ಮಕ್ಕಳು ಹೋ ಎಂದು ನಕ್ಕರು. "ಅಕ್ಕ, ಮೆಡಲ್ ಮುಟ್ಟಿ ನೋಡ್ಬಹುದಾ?" ಎಂದ ಸುಜನ್.

ಚಿಕ್ಕಿ ಮೆಡಲ್ ತೆಗೆದು ಅವನ ಕೈಗೇ ಕೊಟ್ಟಳು. ಅದು ಒಂದು ಕೈಯಿಂದ ಇನ್ನೊಂದು ಕೈಗೆ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಯಿತು. ಕೆಲವರು ಸವರಿದರು. ಕೆಲವರು ಕೆನ್ನೆಗೆ ಒತ್ತಿಕೊಂಡರು. ಪುಟ್ಟ ದಿವ್ಯಾ ಮೂಸಿಯೂ ನೋಡಿದಳು. ಶರಣ್ಯಾ ಮಾತ್ರ ನೆಲ ನೋಡುತ್ತಾ ಕೂತಳು.

"ಹ್ವಾಯ್, ನಿನ್ನ ಮೂಗು ಕಪ್ಪು!" ಯಾರೋ ಕೂಗಿದರು.

"ನಿನ್ನ ಶರ್ಟ್ ಕಾಣ್ ಮೊದ್ಲು!"

ಕಪ್ಪು ಎಲ್ಲಿರಲಿಲ್ಲ? ಕೈ ಮೇಲೆ, ಕೆನ್ನೆ ಮೇಲೆ, ಬಿಳಿ ಅಂಗಿಗಳ ಮೇಲೆ. ಹಾಲ್ ತುಂಬಾ ಗಲಾಟೆ ಎದ್ದಿತು. ಸುಧೀರ್ ಸರ್ ಓಡಿಬಂದು ಮೆಡಲ್ ಎತ್ತಿಕೊಂಡರು. ಅವರ ಬೆರಳೂ ಕಪ್ಪಾಯಿತು. ಮಸಿ ಹೋದ ಕಡೆ ಕೆಂಪು ಹಳದಿ ಚಿಬ್ಬುಗಳು ಎದ್ದು ಕಾಣುತ್ತಿದ್ದವು.

"ಯಾರದ್ದು ಇದು ಕೆಲಸ?" ಅವರ ಕಣ್ಣು ನೇರ ಸುಜನ್ ಮೇಲೆ ಹೋಯಿತು. "ನೀನೇ! ಮೊದಲು ಮುಟ್ಟಿದ್ದು ನೀನು. ಏನು ಹಚ್ಚಿದೆ ಇದಕ್ಕೆ?"

"ನಾನಲ್ಲ ಸರ್! ದೇವ್ರಾಣೆ ಸರ್!"

"ಬಾಯಿ ಮುಚ್ಚು. ಹೊರಗೆ ಹೋಗಿ ನಿಲ್ಲು."

ಸುಜನ್ ಎದ್ದ. ಯಾವಾಗಲೂ ಬೈಗುಳ ತಿಂದು ನಗುತ್ತಿದ್ದ ಹುಡುಗ ಇವತ್ತು ನಗಲಿಲ್ಲ. ಚಿಕ್ಕಿಯ ಆಟೋಗ್ರಾಫ್ ಬೇಕೆಂದು ಅವನು ವಾರದಿಂದ ಶರಣ್ಯಾಳ ಬೆನ್ನು ಹತ್ತಿದ್ದ. ಈಗ ತಿರುಗಿ ತಿರುಗಿ ಚಿಕ್ಕಿಯನ್ನು ನೋಡುತ್ತಾ ಬಾಗಿಲ ಕಡೆ ನಡೆದ.

ಸುಮ್ಮನೆ ಕೂತಿದ್ದರೆ ಶರಣ್ಯಾಳ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಸುಜನ್‌ಗೇನು, ಹೊರಗೆ ನಿಂತು ಅಭ್ಯಾಸ ಎಂದು ಒಂದು ಗಳಿಗೆ ಅವಳಿಗೂ ಅನಿಸಿತು. ಆದರೆ ಅವನು ಕಣ್ಣೊರೆಸಿಕೊಂಡಾಗ ಕೆನ್ನೆ ಮೇಲೆ ಉದ್ದಕ್ಕೆ ಮಸಿಯ ಗೆರೆ ಮೂಡಿತು. ಅದನ್ನು ನೋಡಿ ಅವಳಿಗೆ ಕೂತಿರಲು ಆಗಲಿಲ್ಲ.

"ಸರ್... ಸುಜನ್ ಅಲ್ಲ. ನಾನು."

ಎಲ್ಲರ ತಲೆ ಅವಳ ಕಡೆ ತಿರುಗಿತು.

"ನಾನೇ ಹಚ್ಚಿದ್ದು ಸರ್. ಮೊದ್ಲು ಹುಣ್ಸೆಹಣ್ಣು ಹಾಕಿ ತಿಕ್ಕಿದೆ. ಹೊಳಿಲಿ ಅಂತ. ಬಣ್ಣ ಎಲ್ಲ ಹೋಯ್ತು. ಮತ್ತೆ ಹಂಡೆ ಮಸಿ..." ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

ಹಿಂದಿನ ಕುರ್ಚಿಯಿಂದ ಜಲಜಜ್ಜಿಯ ದನಿ ಕೇಳಿತು. "ಬರೀ ಹುಣ್ಸೆಹಣ್ಣಾ? ಬೂದಿ ಹಾಕ್ಲಿಲ್ಯಾ ಹೆಣೆ?"

"ಹಾಕ್ದೆ ಅಜ್ಜಿ..." ಶರಣ್ಯಾ ಬಿಕ್ಕುತ್ತಲೇ ಹೇಳಿದಳು.

ದೊಡ್ಡವರೆಲ್ಲ ಗೊಳ್ಳೆಂದು ನಕ್ಕರು. ಚಿಕ್ಕಿ ನಗಲಿಲ್ಲ. ವೇದಿಕೆಯಿಂದ ಇಳಿದು ಬಂದಳು. ಶರಣ್ಯಾ ಕಣ್ಣು ಮುಚ್ಚಿಕೊಂಡಳು. ಇನ್ನು ಬೈಗುಳ ಬಂತು ಎಂದುಕೊಂಡಳು.

"ಸುಜನ್, ನೀನು ಒಳಗೆ ಬಾ," ಎಂದಳು ಚಿಕ್ಕಿ. ಆಮೇಲೆ ಮಕ್ಕಳ ನಡುವೆಯೇ ನೆಲದ ಮೇಲೆ ಕೂತಳು. "ಕಂಚಿನ ಮೆಡಲ್ ಮ್ಯಾಚಲ್ಲಿ ನಾನು ಕ್ಯಾಚರ್. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯೋದು ನನ್ನ ಕೆಲಸ. ಒಂದು ಸುಲಭದ ಚೆಂಡು, ಈ ನಿಮ್ಮ ದಿವ್ಯಾ ಸಹ ಹಿಡೀತಿದ್ದಳು, ಅದನ್ನ ಕೈಬಿಟ್ಟೆ. ಅವರಿಗೆ ಒಂದು ರನ್ ಹೋಯ್ತು. ಇಡೀ ಸ್ಟೇಡಿಯಂ ನೋಡ್ತಿತ್ತು. ಎಲ್ಲಿ ಅಡಗೋದು? ನನ್ನ ಗ್ಲೌಸ್ ದೊಡ್ಡದೇ, ಆದರೆ ಮುಖ ಅದರೊಳಗೆ ಹಿಡೀಲಿಲ್ಲ."

ಮಕ್ಕಳು ಕಿಸಕ್ಕೆಂದರು.

"ಚೆಂಡು ಎಸೆಯೋ ಹುಡುಗಿ ಹತ್ರ ಹೋಗಿ, ನಂದೇ ತಪ್ಪು ಅಂದೆ. ಅಳು ಬರ್ತಿತ್ತು. ಅವಳು ಎಂತ ಹೇಳಿದಳು ಗೊತ್ತಾ?"

"ಎಂತ?" ಎಂದ ಸುಜನ್, ಬಾಗಿಲಿನಿಂದಲೇ.

"ಬಾಲ್ ಕೊಡು ಅಂದಳು. ಅಷ್ಟೇ."

ಚಿಕ್ಕಿ ಸುಧೀರ್ ಸರ್ ಕಡೆ ಕೈಚಾಚಿದಳು. ಅವರು ಮೆಡಲ್ ಕೊಟ್ಟರು. ಅದನ್ನು ಶರಣ್ಯಾಳ ಕೈಗಿಟ್ಟು, ತಲೆ ಬಗ್ಗಿಸಿದಳು. "ಹಾಕ್ ಕಾಂಬ. ಹೊಳಿವ ಬದಿ ಮುಂದೆ ಬರ್ಲಿ."

ಶರಣ್ಯಾ ಚಿಕ್ಕಿಯ ಕೊರಳಿಗೆ ಮೆಡಲ್ ಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಜನ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ಹೋದ ಜೀವ ಬಂದಂತಾಗಿ ಶರಣ್ಯಾಳಿಗೆ ಇನ್ನೂ ಜೋರಾಗಿ ಅಳು ಬಂತು. ಆದರೆ ಇದು ಬೇರೆ ಅಳು.

"ಅಯ್ಯ, ಸಾಕ್ ಮಾರಾಯ್ತಿ." ಚಿಕ್ಕಿ ಕೋಟಿನ ಜೇಬಿನಿಂದ ಕರ್ಚೀಫ್ ತೆಗೆದು ಅವಳ ಮಡಿಲಿಗೆ ಹಾಕಿದಳು. ಹೆಡ್‌ಮೇಡಂ ಭಾಷಣಕ್ಕೆ ಎದ್ದರು. ಚಿಕ್ಕಿ ವೇದಿಕೆಗೆ ಹೋಗದೆ ಅಲ್ಲೇ ಕೂತು ಕೇಳತೊಡಗಿದಳು.

ಶರಣ್ಯಾ ಕರ್ಚೀಫ್ ಬಿಡಿಸಿದಳು. ಬಿಳಿ ಕರ್ಚೀಫು. ಆದರೆ ಮಡಿಕೆ ಮಡಿಕೆಯಲ್ಲೂ ಮಸಿ, ಎಣ್ಣೆಯ ಕಲೆ. ತೆಂಗಿನೆಣ್ಣೆಯ ವಾಸನೆ.

ಅವಳ ಅಳು ನಿಂತಿತು. ಹಾಲ್‌ಗೆ ಬಂದ ಮೇಲೆ ಚಿಕ್ಕಿ ಈವರೆಗೆ ಜೇಬಿಗೆ ಕೈ ಹಾಕಿರಲೇ ಇಲ್ಲ. ಹಾಗಾದರೆ ದೇವರ ಕೋಣೆಯಲ್ಲಿ ಅಷ್ಟು ಹೊತ್ತು ಚಿಕ್ಕಿ ಆದಷ್ಟು ಮಸಿ ಒರೆಸುತ್ತಿದ್ದಳು! ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು.

ಅವಳು ಚಿಕ್ಕಿಯ ಮುಖ ನೋಡಿದಳು. ಚಿಕ್ಕಿ ಹೆಡ್‌ಮೇಡಂ ಅವರನ್ನೇ ನೋಡುತ್ತಿದ್ದಳು. ಕೇಳಬೇಕಾದ್ದು ಏನೂ ಉಳಿದಿಲ್ಲ ಎಂದು ಶರಣ್ಯಾಳಿಗೆ ಅನಿಸಿತು. ಕರ್ಚೀಫಿನಲ್ಲಿ ಬಿಳಿ ಉಳಿದಿದ್ದ ಒಂದು ಮೂಲೆ ಹುಡುಕಿ ಕಣ್ಣೊರೆಸಿಕೊಂಡಳು. ಆಮೇಲೆ ಸರಿದು ಸರಿದು ಚಿಕ್ಕಿಗೆ ಒತ್ತಿಕೊಂಡು ಕೂತಳು.